ದಿನಾ ನಿನ್ನನ್ನೇ ಕೇಳುತ್ತಾಳೆ

ಕ್ಲೇಟನ್, ಮೆಲ್ಬರ್ನ್
೧೪ ಜೂನ್ ೧೯೯೮

ಪ್ರೀತಿಯ ವಿಜಯಕ್ಕನಿಗೆ,

ನಮಸ್ಕಾರ. ಬೆಳಿಗ್ಗೆಯಷ್ಟೇ ಫೋನಿನಲ್ಲಿ ಮಾತಾಡಿ ಮತ್ತೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಈ ಮನೆಯ ಫೋನು ಹಾಲ್‌ನಲ್ಲಿದೆ, ನಾಲ್ವರು ಸ್ಟೂಡೆಂಟ್‌ಗಳು ಅದರ ಪಕ್ಕದಲ್ಲೇ ಓಡಾಡುತ್ತಾರೆ. ಮಹತಿಯನ್ನು "ಊಟ ಆಯ್ತಾ ಪುಟ್ಟಿ" ಎಂದು ಕೇಳಿ ಮುಗಿಸುವಷ್ಟರಲ್ಲಿ ಅವಳು "ಬೈ ಅಮ್ಮ" ಎಂದು ಟಿವಿ ಮುಂದೆ ಓಡಿರುತ್ತಾಳೆ. ಉಳಿದ ಮಾತಿಗೆ ಈ ಕಾಗದ.

ನನ್ನ ಎಮರ್ಜೆನ್ಸಿ ನರ್ಸಿಂಗ್ ಡಿಪ್ಲೊಮಾ ನವೆಂಬರಿಗೆ ಮುಗಿಯುತ್ತದೆ. ವೀಸಾ ಇರುವುದು ಮಾರ್ಚ್‌ವರೆಗೆ. ಅಷ್ಟರಲ್ಲಿ ಯಾವುದಾದರೂ ಆಸ್ಪತ್ರೆಯವರು "ಇವಳು ನಮಗೆ ಬೇಕು" ಎಂದು ಸ್ಪಾನ್ಸರ್ ಮಾಡಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಮೈಸೂರು. ವೃದ್ಧಾಶ್ರಮದಲ್ಲಿ ಪಾರ್ಟ್ ಟೈಮ್ ಕೆಲಸವೇನೋ ಇದೆ, ಆದರೆ ಅವರು ಸ್ಪಾನ್ಸರ್ ಮಾಡುವುದಿಲ್ಲ. ಮಾಡಿದರೂ ನನಗೆ ಬೇಕಾದ್ದು ಅದಲ್ಲ.

ನನಗೆ ಏನು ಬೇಕು ಎಂದು ನಿಮಗೆ ಗೊತ್ತು. ನಿಮ್ಮ ಮೈದುನ ಸ್ಕೂಟರಿನಿಂದ ಬಿದ್ದ ಮಧ್ಯಾಹ್ನ ಅವರನ್ನು ಸ್ಟ್ರೆಚರಿನ ಮೇಲೆ ಬಾಗಿಲಲ್ಲೇ ಮಲಗಿಸಿದ್ದರು. ಅಲ್ಲಿದ್ದ ನರ್ಸ್ "ಡ್ಯೂಟಿ ಡಾಕ್ಟರು ಊಟಕ್ಕೆ ಹೋಗಿದಾರೆ, ಬರ್ಲಿ" ಎಂದು ಕಾದಳು. ಡಾಕ್ಟರು ಬರುವಷ್ಟರಲ್ಲಿ ಮಹತಿಯ ಅಪ್ಪ ಇರಲಿಲ್ಲ. ಇಲ್ಲಿ ಹಾಗಲ್ಲ ಅಕ್ಕ. ಬಾಗಿಲಲ್ಲಿ ಒಬ್ಬ ನರ್ಸ್ ಕೂತಿರುತ್ತಾಳೆ. ಯಾರು ಈಗಲೇ ಒಳಗೆ, ಯಾರು ಕಾಯಬಹುದು ಎಂದು ತೀರ್ಮಾನ ಮಾಡುವವಳು ಅವಳೇ. ಅದಕ್ಕೆ ಟ್ರಯಾಜ್ ಎನ್ನುತ್ತಾರೆ. ಆ ಕುರ್ಚಿ ನನಗೆ ಬೇಕು. ನಿಮ್ಮ ಸಿಡ್ನಿಯ ಕಡೆ ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ಹುದ್ದೆಯ ಮಾತೂ ನಡೆದಿದೆಯಂತೆ. ನರ್ಸೇ ಪರೀಕ್ಷೆ ಮಾಡಿ ಔಷಧಿ ಬರೆಯಬಹುದಂತೆ. ಅದು ದೂರದ ಮಾತು.

ಕೆಲಸ ಸಿಕ್ಕಿದ ತಕ್ಷಣ ಮಹತಿಯನ್ನು ನನ್ನ ಹತ್ತಿರ ಕರೆಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅವಳು ನಿಮ್ಮ ಮಡಿಲಲ್ಲಿದ್ದಾಳೆ ಎಂಬುದೊಂದೇ ನನಗೆ ಧೈರ್ಯ. ಅವಳು ನನ್ನನ್ನು ಕೇಳುತ್ತಾಳೆಯೇ?

ನಿಮ್ಮ
ನಿವೇದಿತಾ


ಟೂಂಗಾಬಿ, ಸಿಡ್ನಿ
೨೮ ಜೂನ್ ೧೯೯೮

ಚಿ. ನಿವೇದಿತಾಗೆ ಆಶೀರ್ವಾದ.

ನಿನ್ನ ಕಾಗದ ಬಂತು. ನಿನ್ನ ಭಾವನಿಗೂ ಓದಿ ಹೇಳಿದೆ. "ನರ್ಸೇ ಔಷಧಿ ಬರೆದರೆ ನಮ್ಮ ವೆಂಕಟರಾಮ್ ಡಾಕ್ಟರು ಏನ್ ಮಾಡ್ಬೇಕಂತೆ, ಇಂಜೆಕ್ಷನ್ ಚುಚ್ಬೇಕಂತಾ?" ಎಂದು ನಕ್ಕರು. ತಮಾಷೆಗೆ ಅಂದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೋದ ವಾರ ಡಾಕ್ಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅವರ ಹೆಂಡತಿ ಅಹಲ್ಯಾ ಎಲ್ಲರ ಎದುರಿಗೆ "ನಿಮ್ಮ ಓರಗಿತ್ತಿ ಏನ್ ಓದ್ತಿದಾರೆ ವಿಜಯಾ?" ಎಂದು ಕೇಳಿದಳು. "ಮೆಡಿಕಲ್ ಲೈನ್" ಎಂದು ಹೇಳಿ ಪ್ರಸಾದದ ಬಟ್ಟಲು ತರಲು ಎದ್ದೆ. ಇಲ್ಲಿ ನಮ್ಮವರೆಲ್ಲ ಡಾಕ್ಟರು, ಇಂಜಿನಿಯರು, ಪ್ರೊಫೆಸರು. ಅವರ ಬಾಯಿಗೆ ಯಾಕೆ ಬೀಳಬೇಕು?

ನಿನ್ನೆ ಮಹತಿಯನ್ನು ಟ್ರೇನಿನಲ್ಲಿ ಹ್ಯಾರಿಸ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಉದ್ದಿನಬೇಳೆ ಮುಗಿದಿತ್ತು. ಅಂಗಡಿಯವನು ಇವಳ ಕೆನ್ನೆ ಹಿಂಡಿ, ಮಗಳು ನಿಮ್ಮ ಹಾಗೇ ಇದಾಳೆ ಎಂದು ಹಿಂದಿಯಲ್ಲಿ ಹೇಳಿದ. ನಾನು ತಿದ್ದಲಿಲ್ಲ. ಟ್ರೇನಿಗೆ ಹೊತ್ತಾಗಿತ್ತು.

ಮಹತಿಯ ಯೋಚನೆ ಬಿಡು. ಚೆನ್ನಾಗಿ ತಿನ್ನುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ. ದಿನಾ ನಿನ್ನನ್ನೇ ಕೇಳುತ್ತಾಳೆ.

ವಿಜಯಾ


ಕ್ಲೇಟನ್
೯ ಆಗಸ್ಟ್ ೧೯೯೮

ಪ್ರೀತಿಯ ವಿಜಯಕ್ಕನಿಗೆ,

ನೀವು ಬರೆದ ಕೊನೆಯ ಸಾಲನ್ನು ಎಷ್ಟು ಸಲ ಓದಿದ್ದೇನೋ. ಬಸ್ಸಿನಲ್ಲಿ ಹೋಗುವಾಗಲೂ ಆ ಕಾಗದ ಬ್ಯಾಗಿನಲ್ಲಿರುತ್ತದೆ.

ಮೊದಲನೆಯ ಇಂಟರ್ವ್ಯೂ ಆಯಿತು. ಇಲ್ಲಿಯದೇ ಒಂದು ಆಸ್ಪತ್ರೆ. ಮೂವರು ಕೂತಿದ್ದರು. ಮಾತು ನಡೆಯುತ್ತಿದ್ದಾಗ ಅರ್ಧ ಚಡ್ಡಿ ಹಾಕಿಕೊಂಡ ಒಬ್ಬರು ಕಾಫಿ ಮಗ್ ಹಿಡಿದು ಒಳಗೆ ಬಂದರು. ಕುರ್ಚಿ ರಿಪೇರಿಯವರಿರಬೇಕು ಎಂದುಕೊಂಡೆ. "ಇವರು ನಮ್ಮ ಡಿಪಾರ್ಟ್‌ಮೆಂಟಿನ ಡೈರೆಕ್ಟರ್, ಡಾಕ್ಟರ್" ಎಂದದ್ದೇ ತಡ, ನಾನು ಎದ್ದು ನಿಂತು ನನ್ನ ಕುರ್ಚಿಯನ್ನೇ ಅವರಿಗೆ ಕೊಟ್ಟೆ! ಡಾಕ್ಟರು ಬಂದಾಗ ಕೂತಿದ್ದರೆ ಮೈಸೂರಿನಲ್ಲಿ ನಮ್ಮ ಮೇಟ್ರನ್ ಕಣ್ಣಲ್ಲೇ ಸುಡುತ್ತಿದ್ದರು. ಇಲ್ಲಿ ಆ ಡಾಕ್ಟರು ಪಾಪ ಗಲಿಬಿಲಿಗೊಂಡು ಕಿಟಕಿಯ ಕಟ್ಟೆಯ ಮೇಲೆ ಕೂತರು. ಕೊನೆಯವರೆಗೂ ನಾನು ಅವರನ್ನು "ಸರ್" ಎಂದೆ, ಅವರು "ಪೀಟರ್" ಎಂದು ತಿದ್ದುತ್ತಲೇ ಇದ್ದರು.

ಪ್ರಶ್ನೆಗಳೆಲ್ಲ ಸುಲಭವಾಗಿದ್ದವು. ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದ್ದೇನೆ. ತಿಳಿಸುತ್ತೇವೆ ಎಂದಿದ್ದಾರೆ. ಮುಂದಿನ ತಿಂಗಳು ಸಿಡ್ನಿಯ ಒಂದು ಆಸ್ಪತ್ರೆಯವರು ಫೋನಿನಲ್ಲೇ ಇಂಟರ್ವ್ಯೂ ಮಾಡುತ್ತಾರಂತೆ. ಅದು ಸಿಕ್ಕಿದರೆ ನಾವೆಲ್ಲ ಒಂದೇ ಊರಿನಲ್ಲಿರಬಹುದು.

ಮಹತಿಯ ಹಲ್ಲು ಅಲ್ಲಾಡುತ್ತಿದೆ ಎಂದಿದ್ದಿರಿ. ಬಿದ್ದರೆ ಎತ್ತಿಡಿ. ನನಗೆ ಬೇಕು.

ನಿವೇದಿತಾ


ಟೂಂಗಾಬಿ
೩೦ ಆಗಸ್ಟ್ ೧೯೯೮

ಚಿ. ನಿವೇದಿತಾಗೆ,

ಹಲ್ಲು ಬಿತ್ತು. ಎತ್ತಿಡೋಣವೆಂದರೆ ಇವಳು ಬಿಡಬೇಕಲ್ಲ. ದಿಂಬಿನ ಕೆಳಗಿಟ್ಟರೆ ದೇವತೆ ಬಂದು ತೆಗೆದುಕೊಂಡು ಹೋಗುತ್ತಾಳಂತೆ, ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ. ಆ ದೇವತೆಯ ಪಾತ್ರ ನಿನ್ನ ಭಾವನ ಪಾಲಿಗೆ ಬಂತು. ಹಲ್ಲನ್ನು ಎಲ್ಲಿಟ್ಟರೋ ಅವರಿಗೇ ಮರೆತು ಹೋಗಿದೆ. ಯಾರದೂ ತಪ್ಪಿಲ್ಲ, ಬಿಡು.

ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾಳೆ. "ಹಾಲು ಕುಡಿ" ಎಂದರೆ "ಇನ್ ಎ ಮಿನಿಟ್, ದೊಡ್ಡಮ್ಮ" ಎನ್ನುತ್ತಾಳೆ. ನಿನ್ನ ಭಾವನ ಮೂಗಿನ ಮೇಲೆ ಸ್ಟಿಕರ್ ಅಂಟಿಸಿ ಆಫೀಸಿಗೆ ಕಳಿಸಿದಳು. ಅವರು ಹಾಗೇ ಹೋಗಿದ್ದರು! ಈ ಮನುಷ್ಯ ಇಷ್ಟು ನಕ್ಕದ್ದನ್ನು ಮದುವೆಯಾದ ಮೇಲೆ ನಾನು ನೋಡಿರಲಿಲ್ಲ.

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ. ದೇವರು ಮಾಡಲಿ, ನಿನಗೆ ಕೆಲಸ ಸಿಗಲಿ. ಸಿಗದೆ ನೀನು ಮೈಸೂರಿಗೆ ಹೋಗಬೇಕಾಗಿ ಬಂದರೆ ಮಹತಿ ಇಲ್ಲೇ ಇರಲಿ. ಅವಳ ಸ್ಕೂಲು, ಗೆಳತಿಯರು ಎಲ್ಲ ಇಲ್ಲಿದೆ. ಕಾಗದಪತ್ರದ ಕೆಲಸ ನಿನ್ನ ಭಾವ ನೋಡಿಕೊಳ್ಳುತ್ತಾರೆ. ನಮಗೂ ಯಾರಿದ್ದಾರೆ ಹೇಳು? ಈ ಮನೆಯಲ್ಲಿ ಮಗುವಿನ ಕಾಲಿನ ಸದ್ದು ಕೇಳಿಸಿದ್ದೇ ಇವಳು ಬಂದ ಮೇಲೆ.

ದಿನಾ ನಿನ್ನನ್ನೇ ಕೇಳುತ್ತಾಳೆ.

ವಿಜಯಾ


ಕ್ಲೇಟನ್
೪ ಅಕ್ಟೋಬರ್ ೧೯೯೮

ವಿಜಯಕ್ಕನಿಗೆ,

ಉತ್ತರ ತಡವಾಯಿತು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಇಲ್ಲಿಯ ಆಸ್ಪತ್ರೆಯವರು ಆಗಸ್ಟ್‌ನಲ್ಲೇ ಇಲ್ಲ ಎಂದಿದ್ದರು. ನಿಮಗೆ ಹೇಳಿರಲಿಲ್ಲ. ಸಿಡ್ನಿಯವರೂ ಇಲ್ಲ ಎಂದರು. ಯಾಕೆ ಎಂದು ಕೇಳಿದೆ. ಅಲ್ಲಿಯ ಹಿರಿಯ ನರ್ಸ್ ಒಳ್ಳೆಯವಳು, ಬಿಡಿಸಿ ಹೇಳಿದಳು. "ಎದೆನೋವು ಅಂತ ಒಬ್ಬರು ಬಂದರೆ ಏನ್ ಮಾಡ್ತೀಯ ಅಂತ ಕೇಳಿದೆವು. ಡಾಕ್ಟರಿಗೆ ತಿಳಿಸ್ತೀನಿ ಅಂದೆ ನೀನು. ಆಮೇಲೆ ಅಂತ ಕೇಳಿದರೆ, ಅವರು ಹೇಳಿದ್ದು ಮಾಡ್ತೀನಿ ಅಂದೆ. ನೀನು ಏನ್ ಮಾಡ್ತೀಯ ಅನ್ನೋದು ನಮಗೆ ಕೊನೇವರೆಗೂ ಗೊತ್ತಾಗಲಿಲ್ಲ."

ಇದರಲ್ಲಿ ತಪ್ಪೇನಿದೆ ಅಕ್ಕ? ಎಂಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಡಾಕ್ಟರಿಗಿಂತ ಮೊದಲು ಬಾಯಿ ತೆರೆಯುವುದು ಅಹಂಕಾರ ಎಂದೇ ಕಲಿತದ್ದು. ನನ್ನ ಇಂಗ್ಲಿಷ್ ಅವರಿಗೆ ಹಿಡಿಸಿಲ್ಲ, ಅದನ್ನು ಹೇಳಲಾರದೆ ಹೀಗೆ ಸುತ್ತಿ ಬಳಸಿ ಹೇಳಿದ್ದಾರೆ ಅಷ್ಟೆ.

ಮಹತಿಯ ವಿಷಯ. ನಿಮ್ಮ ಒಳ್ಳೆಯ ಮನಸ್ಸು ನನಗೆ ಗೊತ್ತು. ನನ್ನ ಕಷ್ಟ ನೋಡಲಾರದೆ ಆ ಮಾತು ಆಡಿದ್ದೀರಿ. ಆದರೆ ಬೇಡ ಅಕ್ಕ. ನಾನು ಹೋದರೆ ಅವಳೂ ನನ್ನ ಜೊತೆ ಬರುತ್ತಾಳೆ.

ನಿವೇದಿತಾ


ಟೂಂಗಾಬಿ
೧೫ ನವೆಂಬರ್ ೧೯೯೮

ಚಿ. ನಿವೇದಿತಾಗೆ,

ಮೊದಲೇ ಹೇಳಿಬಿಡುತ್ತೇನೆ, ಮಗು ಈಗ ಆರಾಮಾಗಿದೆ. ಗಾಬರಿಯಾಗದೆ ಓದು. ಪರೀಕ್ಷೆ ಮುಗಿಯಲಿ ಎಂದು ಫೋನಿನಲ್ಲಿ ಹೇಳಲಿಲ್ಲ.

ಹೋದ ಭಾನುವಾರ ಬಿಸಿಗಾಳಿ, ಧೂಳು. ಮಧ್ಯಾಹ್ನ ಮಹತಿ ಕೆಮ್ಮಲು ಶುರುಮಾಡಿದಳು. ಮೆಣಸಿನ ಕಷಾಯ ಕುಡಿಸಿದೆ, ಎದೆಗೆ ವಿಕ್ಸ್ ತಿಕ್ಕಿದೆ. ಕೆಮ್ಮು ಹೋಗಿ ಉಸಿರಿನಲ್ಲಿ ಸಿಳ್ಳೆಯ ಸದ್ದು ಬಂತು. ವೆಂಕಟರಾಮ್ ಡಾಕ್ಟರ ಮನೆಗೆ ಫೋನ್ ಮಾಡಿದೆ. ಗೊತ್ತಿರುವವರು ಇರುವಾಗ ಆಂಬುಲೆನ್ಸ್ ಯಾಕೆ, ಬೀದಿಗೆಲ್ಲ ತಮಾಷೆ ಯಾಕೆ ಎಂದು. "ದೇವಸ್ಥಾನದ ಮೀಟಿಂಗಿಗೆ ಹೋಗಿದಾರೆ, ಬಂದ ತಕ್ಷಣ ಹೇಳ್ತೀನಿ" ಎಂದಳು ಅಹಲ್ಯಾ. ಕಾದೆವು. ಮಗು ಮಾತಾಡುವುದನ್ನೇ ನಿಲ್ಲಿಸಿದಾಗ ನಿನ್ನ ಭಾವ ಎತ್ತಿ ಕಾರಿಗೆ ಹಾಕಿಕೊಂಡರು.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ನರ್ಸ್. ತೋಳಿನ ತುಂಬ ಹಚ್ಚೆ! ನಾನು ಹೆಸರು, ವಿಳಾಸ ಹೇಳಲು ಬಾಯಿ ತೆರೆದರೆ ಅವಳು ಕೇಳಿಸಿಕೊಳ್ಳಲೇ ಇಲ್ಲ. ಮಗುವಿನ ಅಂಗಿ ಎತ್ತಿ ಪಕ್ಕೆ ನೋಡಿದಳು, ಎತ್ತಿಕೊಂಡು ಒಳಗೆ ನಡೆದೇಬಿಟ್ಟಳು. ಆಕ್ಸಿಜನ್ ಹಾಕಿದಳು, ಔಷಧಿಯ ಹೊಗೆ ಕೊಟ್ಟಳು, ಎಲ್ಲ ಅವಳೇ. "ವೇರ್ ಈಸ್ ದ ಡಾಕ್ಟರ್? ಡಾಕ್ಟರನ್ನ ಕೇಳದೆ ನೀನ್ಯಾರು ಮುಟ್ಟೋಕೆ?" ಎಂದು ನಾನು ಕಿರುಚಿದೆ. ಅವಳು ತಿರುಗಿಯೂ ನೋಡಲಿಲ್ಲ. "ಡಾಕ್ಟರ್ ಬರ್ತಾರೆ. ಇವಳು ಕಾಯೋ ಹಾಗಿಲ್ಲ" ಎಂದಳು. ಡಾಕ್ಟರು ಬಂದಾಗ ಮಗುವಿನ ತುಟಿಗೆ ಬಣ್ಣ ಬಂದಿತ್ತು. ಅವರು ಮಾಡಿದ್ದೇನು? "ಗುಡ್" ಎಂದು ಆ ಹಚ್ಚೆಯವಳ ಬೆನ್ನು ತಟ್ಟಿದರು!

ಮಗು ಉಳಿಯಿತು, ದೇವರು ದೊಡ್ಡವನು. ಆದರೆ ಆ ಹೆಂಗಸಿನ ಧಾರ್ಷ್ಟ್ಯವನ್ನು ಅರಗಿಸಿಕೊಳ್ಳಲು ನನಗೆ ಇನ್ನೂ ಆಗಿಲ್ಲ. ನೀನು ಅದೇ ಲೈನಿನವಳು. ಇದರ ಮೇಲೆ ದೂರು ಕೊಡಬಹುದೇ?

ಮಾಸ್ಕ್ ತೆಗೆದ ಕೂಡಲೇ ಮಹತಿ "ಅಮ್ಮಾ" ಎಂದಳು.

ವಿಜಯಾ


ಕ್ಲೇಟನ್
೧೮ ನವೆಂಬರ್ ೧೯೯೮

ಅಕ್ಕ,

ಕಾಗದ ಓದಿದ ತಕ್ಷಣ ಫೋನ್ ಮಾಡಿದೆನಲ್ಲ, ಆಗ ನನಗೆ ಅಳು ಬಿಟ್ಟು ಬೇರೇನೂ ಬರಲಿಲ್ಲ. ನನ್ನ ಮಗು ಉಸಿರಿಗೆ ಒದ್ದಾಡುವಾಗ ನಾನು ಇಲ್ಲಿ ಕೂತು ಆಸ್ತಮಾದ ಮೇಲೆ ಪರೀಕ್ಷೆಗೆ ಓದುತ್ತಿದ್ದೆ. ನಿಮ್ಮ ಮೇಲೆ ಕೋಪ ಬಂದದ್ದು ನಿಜ. ಇನ್ನು ಮುಂದೆ ಇಂಥದ್ದನ್ನು ಒಂದು ಗಳಿಗೆಯೂ ಮುಚ್ಚಿಡಬೇಡಿ. ಯಾವ ಡಾಕ್ಟರ ಮನೆಗೂ ಫೋನ್ ಮಾಡಬೇಡಿ. ಆಂಬುಲೆನ್ಸಿಗೆ ಸೊನ್ನೆ ಸೊನ್ನೆ ಸೊನ್ನೆ ಒತ್ತಿ. ಬೀದಿಯವರು ನೋಡಿದರೆ ನೋಡಲಿ.

ದೂರು ಕೊಡಬೇಡಿ ಅಕ್ಕ. ಆ ಹಚ್ಚೆಯವಳ ಕೈಗೆ ಮೈಸೂರುಪಾಕು ಮಾಡಿ ಕೊಟ್ಟು ಬನ್ನಿ.

ನಿಮ್ಮ ಕಾಗದವನ್ನು ಎರಡನೆಯ ಸಲ ಓದಿದಾಗ ನನಗೆ ನಾಚಿಕೆಯಾಯಿತು. ನೀವು ಕಿರುಚಿದ್ದೂ, ನಾನು ಇಂಟರ್ವ್ಯೂನಲ್ಲಿ ಹೇಳಿದ್ದೂ ಒಂದೇ. ಮೈಸೂರಿನ ಆ ನರ್ಸನ್ನು ನಾನು ಐದು ವರ್ಷದಿಂದ ಬೈಯುತ್ತಿದ್ದೇನೆ. ಅವತ್ತು ಅವಳ ಜಾಗದಲ್ಲಿ ನಾನಿದ್ದಿದ್ದರೆ? ನಾನೂ ಡಾಕ್ಟರಿಗೆ ಕಾಯುತ್ತಿದ್ದೆ ಅಕ್ಕ. ಎಂಟು ವರ್ಷ ಕಾದವಳೇ ನಾನು. ಆ ಕುರ್ಚಿ ಬೇಕು ಎನ್ನುತ್ತೇನೆ, ಕೂರಲು ಹೋದರೆ ಎದ್ದು ನಿಂತು ಅದನ್ನೇ ಡಾಕ್ಟರಿಗೆ ಕೊಡುತ್ತೇನೆ. ಅವರು ಇಲ್ಲ ಎನ್ನದೆ ಇನ್ನೇನು ಎಂದಾರು?

ಡಿಸೆಂಬರಿನಲ್ಲಿ ಇಲ್ಲಿಯೇ ಇನ್ನೊಂದು ಆಸ್ಪತ್ರೆಯ ಇಂಟರ್ವ್ಯೂ ಇದೆ. ಬಹುಶಃ ಕೊನೆಯದು. ಮುಗಿಸಿ ಕ್ರಿಸ್‌ಮಸ್ ರಜಕ್ಕೆ ಬರುತ್ತೇನೆ. "ಅಮ್ಮಾ" ಎಂದಳು ಎಂದು ಬರೆದಿದ್ದೀರಿ. ಕಣ್ಣು ಮುಚ್ಚಿದರೆ ಅದೇ ಕೇಳಿಸುತ್ತದೆ.

ನಿವೇದಿತಾ


ಕ್ಲೇಟನ್
೧೦ ಜನವರಿ ೧೯೯೯

ಪ್ರೀತಿಯ ವಿಜಯಕ್ಕನಿಗೆ,

ನಿಮ್ಮ ಮನೆಯಲ್ಲಿದ್ದಾಗ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಸುದ್ದಿ: ಕೆಲಸ ಸಿಕ್ಕಿತು. ಶುಕ್ರವಾರ ಕಾಗದ ಬಂತು, ಸ್ಪಾನ್ಸರ್ ಮಾಡುತ್ತಾರೆ. ಇಂಟರ್ವ್ಯೂನಲ್ಲಿ ಅಂಥದ್ದೇ ಪ್ರಶ್ನೆ ಕೇಳಿದ್ದರು: ಮಗುವೊಂದು ಉಸಿರಾಡಲಾರದೆ ಬಂದರೆ? ನಾನು ಆ ಹಚ್ಚೆಯವಳನ್ನು ನೆನೆದುಕೊಂಡು, "ಎತ್ತಿಕೊಂಡು ಒಳಗೆ ಹೋಗ್ತೀನಿ, ಆಕ್ಸಿಜನ್ ಹಾಕ್ತೀನಿ, ಹೋಗ್ತಾ ಹೋಗ್ತಾ ಡಾಕ್ಟರನ್ನ ಕೂಗ್ತೀನಿ" ಎಂದೆ. ಈ ಸಲವೂ ಒಬ್ಬ ಡಾಕ್ಟರು ತಡವಾಗಿ ಬಂದರು. ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದೆ.

ಸಿಡ್ನಿಯಲ್ಲಿ ಸಿಗಲಿ ಎಂದು ನಾವಿಬ್ಬರೂ ಬೇಡಿಕೊಂಡೆವು. ದೇವರು ಅರ್ಧ ಮಾತ್ರ ಕೇಳಿಸಿಕೊಂಡ.

ಇನ್ನೊಂದು ಮಾತು. ನಾನು ಬಾಗಿಲಿಗೆ ಬಂದಾಗ ಮಹತಿ ನಿಮ್ಮ ಸೀರೆಯ ಹಿಂದೆ ಅವಿತುಕೊಂಡಳು. "ಸೇ ಹಲೋ ಟು ಅಮ್ಮ" ಎಂದು ನೀವು ಅವಳ ಭಾಷೆಯಲ್ಲೇ ಹೇಳಿಕೊಡಬೇಕಾಯಿತು. ಆಸ್ಪತ್ರೆಯಲ್ಲಿ "ಅಮ್ಮಾ" ಎಂದದ್ದು ಯಾರನ್ನು ಎಂದು ಆಗ ತಿಳಿಯಿತು. ಅವಳು ದಿನಾ ನನ್ನನ್ನು ಕೇಳುತ್ತಿರಲಿಲ್ಲ, ಅಲ್ಲವೇ? ಬೈಯುತ್ತಿಲ್ಲ ಅಕ್ಕ. ಆ ಒಂದು ಸಾಲು ಇಲ್ಲದಿದ್ದರೆ ನಾನು ಸೆಪ್ಟೆಂಬರಿನಲ್ಲೇ ಮೈಸೂರಿಗೆ ಹೋಗಿಬಿಡುತ್ತಿದ್ದೆ.

ಸ್ಕೂಲು ಶುರುವಾಗುವ ಮೊದಲು ಬಂದು ಅವಳನ್ನು ಕರೆದುಕೊಂಡು ಬರುತ್ತೇನೆ. ಪಕ್ಕದ ಬೀದಿಯಲ್ಲಿ ಅನಸೂಯಾ ಆಂಟಿ ಎಂಬ ಹಾಸನದವರಿದ್ದಾರೆ, ನನಗೆ ಶಿಫ್ಟ್ ಇರುವಾಗ ನೋಡಿಕೊಳ್ಳುತ್ತಾರೆ. ನಿಮ್ಮಿಂದ ಕಿತ್ತುಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತು. ಬೇರೆ ದಾರಿ ಕಾಣುತ್ತಿಲ್ಲ.

ನಿವೇದಿತಾ


ಟೂಂಗಾಬಿ
೨೨ ಜನವರಿ ೧೯೯೯

ನಿವೇದಿತಾಗೆ,

ಕೋಪ ಬಂದಿತ್ತು, ಅದಕ್ಕೇ ಬರೆಯಲಿಲ್ಲ. ಯಶೋದೆಯ ಕಥೆ ಹೇಳಿ ನನ್ನನ್ನು ಸಮಾಧಾನ ಮಾಡಲು ಮಾತ್ರ ಬರಬೇಡ. ಮಥುರೆಗೆ ಹೋದ ಕೃಷ್ಣ ತಿರುಗಿ ಬರಲಿಲ್ಲ ಎನ್ನುವುದು ನನಗೆ ಗೊತ್ತು.

ನಾನು ಸುಳ್ಳು ಬರೆದೆ, ನಿಜ. ಮೊದಲನೆಯ ಸಲ ನಿನ್ನ ಸಮಾಧಾನಕ್ಕೆ ಬರೆದೆ. ಆಮೇಲೆ ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಹಾಗಾಯಿತು. ನಿನಗೆ ಕೆಲಸ ಸಿಗಲಿ ಎಂದು ದೇವರಿಗೆ ದೀಪ ಹಚ್ಚುತ್ತಿದ್ದೆ, ಸಿಗದಿದ್ದರೆ ಮಗು ಉಳಿಯುತ್ತದಲ್ಲ ಎಂದು ಅದೇ ದೀಪದ ಎದುರು ನೆನೆಸುತ್ತಿದ್ದೆ.

ಮಂಗಳವಾರ ಬಾ. ಬಟ್ಟೆ ಜೋಡಿಸಿಟ್ಟಿದ್ದೇನೆ. ಅವಳಿಗೆ ಮೊಸರನ್ನ ಕಲಸಿ ತಟ್ಟೆಗೆ ಹಾಕಿದರೆ ಸೇರುವುದಿಲ್ಲ, ಕೈತುತ್ತು ಕೊಡಬೇಕು. ಉಸಿರು ಕಟ್ಟಿದರೆ ಬಾಯಿಗೆ ಒತ್ತಲು ಕೊಟ್ಟಿರುವ ನೀಲಿ ಪಫರ್ ಸದಾ ಬ್ಯಾಗಿನಲ್ಲಿರಲಿ. ನಿದ್ದೆ ಬರುವಾಗ ಕಿವಿ ಹಿಡಿದುಕೊಳ್ಳುತ್ತಾಳೆ; ತನ್ನದಲ್ಲ, ಪಕ್ಕದಲ್ಲಿರುವವರದು. ಕಿವಿಯೋಲೆ ಬಿಚ್ಚಿಟ್ಟು ಮಲಗು.

ವಿಜಯಾ


ಕ್ಲೇಟನ್
೨೧ ಮಾರ್ಚ್ ೧೯೯೯

ಪ್ರೀತಿಯ ವಿಜಯಕ್ಕನಿಗೆ,

ಹೊಸ ವೀಸಾ ಬಂತು. ಹೋದ ವಾರದಿಂದ ಬಾಗಿಲಿನ ಕುರ್ಚಿಯಲ್ಲಿ, ಅನುಭವಸ್ಥೆಯೊಬ್ಬಳ ಪಕ್ಕದಲ್ಲಿ ಕೂತು ಕಲಿಯುತ್ತಿದ್ದೇನೆ. ಬುಧವಾರ ಒಬ್ಬ ಮುದುಕರು ಬೆವರುತ್ತ ಬಂದರು, ಬರೀ ಅಜೀರ್ಣ ಎಂದರು. ನೋಡಿದ ಕೂಡಲೇ ನಾನೇ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಓಡಿದೆ. ಯಾರನ್ನೂ ಕೇಳಲಿಲ್ಲ. ಹೃದಯಾಘಾತವಾಗಿತ್ತು, ಅವರು ಉಳಿದುಕೊಂಡರು. ಕೈ ತೊಳೆಯುವಾಗ ನಿಮ್ಮ ಮೈದುನನ ನೆನಪಾಗಿ ತುಂಬ ಅತ್ತೆ.

ಮಹತಿ ಮೊದಲ ವಾರ ನನ್ನ ಹತ್ತಿರ ಮಲಗಲಿಲ್ಲ. ಈಗ ಮಲಗುತ್ತಾಳೆ. ಕಿವಿಯನ್ನೂ ಹಿಡಿದುಕೊಳ್ಳುತ್ತಾಳೆ. ಆದರೆ ನನ್ನ ಕೈತುತ್ತು ನಿಮ್ಮದಕ್ಕಿಂತ ದೊಡ್ಡದಂತೆ, ಬಾಯಿಗೆ ಹಿಡಿಸುವುದಿಲ್ಲವಂತೆ.

ದಿನಾ ನಿಮ್ಮನ್ನೇ ಕೇಳುತ್ತಾಳೆ ಅಕ್ಕ.

ನಿವೇದಿತಾ


ಟೂಂಗಾಬಿ
೪ ಏಪ್ರಿಲ್ ೧೯೯೯

ಚಿ. ನಿವೇದಿತಾಗೆ ಆಶೀರ್ವಾದ.

ಯುಗಾದಿಗೆ ಎಲ್ಲರೂ ವೆಂಕಟರಾಮ್ ಡಾಕ್ಟರ ಮನೆಯಲ್ಲಿ ಸೇರಿದ್ದೆವು. ಅಹಲ್ಯಾ ಮತ್ತೆ ನಿನ್ನ ವಿಷಯ ಎತ್ತಿದಳು. "ನನ್ನ ಓರಗಿತ್ತಿ ನರ್ಸು. ಎಮರ್ಜೆನ್ಸಿ ಬಾಗಿಲಲ್ಲಿ ಕೂರ್ತಾಳೆ. ಡಾಕ್ಟರು ದೇವಸ್ಥಾನದ ಮೀಟಿಂಗಿಗೆ ಹೋಗಿದ್ರೂ ಅವಳು ಇರ್ತಾಳೆ" ಎಂದೆ. ಹೋಳಿಗೆ ಬಡಿಸುತ್ತಿದ್ದವಳ ಕೈ ನಿಂತಿತು. ಡಾಕ್ಟರು ಮಾತ್ರ ಜೋರಾಗಿ ನಕ್ಕರು. ಹಚ್ಚೆಯವಳಿಗೂ ಮೈಸೂರುಪಾಕು ಕೊಟ್ಟು ಬಂದೆ. ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಅಂಗಿ ಎತ್ತಿ ಪಕ್ಕೆ ನೋಡಿದ್ದನ್ನು ಹೇಳಿದ ಮೇಲೆ ಮಗುವಿನ ನೆನಪಾಯಿತು.

ಕೆಲಸ ಮುಗಿದ ಮೇಲೆ ಮನೆಯಲ್ಲಿ ಸದ್ದಿಲ್ಲ. ನಿನ್ನ ಭಾವ ಕೋಟಿನ ಜೇಬಿನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಆ ಹಲ್ಲು ಸಿಕ್ಕಿತು. ಈ ಕಾಗದದ ಜೊತೆ ಕಳಿಸೋಣವೆಂದು ಹತ್ತಿಯಲ್ಲಿ ಸುತ್ತಿಟ್ಟೆ. ಕಳಿಸಲು ಮನಸ್ಸು ಬರಲಿಲ್ಲ. ಇನ್ನೊಂದು ಬಿದ್ದೀತು, ಅದು ನಿನಗಿರಲಿ.

ದಿನಾ ನನ್ನನ್ನೇ ಕೇಳುತ್ತಾಳೆ ಎಂದು ಬರೆದಿದ್ದೀಯ. ನಿಜವಾಗಿ ಬರೆದೆಯೋ, ನಾನು ನಿನಗೆ ಬರೆದ ಹಾಗೆ ಬರೆದೆಯೋ, ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಪ್ರತಿ ಕಾಗದದಲ್ಲೂ ಬರೆ.

ವಿಜಯಾ